ಅಜ್ಜನ ಕತ್ತಿಗೊಂದು ಸಾಣೆಕಲ್ಲು

ಓದುಗರೇ, ನಿಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲಿ ಏನಿದೆ ಎಂದು ಎಂದಾದರೂ ನೋಡಿದ್ದೀರಾ? ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಒಂದು ಶೇರ್ವಾನಿ, ಲೆಕ್ಕ ಬರೆದ ನಾಲ್ಕು ವಹಿಗಳು ಮತ್ತು ಹಳದಿಯಾದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕ್ಷೌರದ ಕತ್ತಿ ಇವೆ. ಮನೆಯಲ್ಲಿ ನಾವು ಅದನ್ನು ಉಸ್ತರಾ ಎನ್ನುತ್ತೇವೆ. ಕರಿ ಹಿಡಿ, ಮಡಚಿದರೆ ಅಂಗೈ ಉದ್ದ. ಬುಡದಲ್ಲಿ ಸೋಲಿಂಗೆನ್ ಎಂಬ ಅಕ್ಷರಗಳು ಇನ್ನೂ ಓದುವಂತಿವೆ. ಜರ್ಮನಿಯ ಆ ಊರು ಶತಮಾನಗಳಿಂದ ಕತ್ತಿ ಚೂರಿಗಳಿಗೆ ಹೆಸರಾದದ್ದು. ಅಜ್ಜ ಮುಂಬಯಿಯಲ್ಲಿ ದುಡಿಯುತ್ತಿದ್ದಾಗ ಅದನ್ನು ಕೊಂಡು ತಂದರಂತೆ. ನಮ್ಮ ತಾಯಿ, ಸೋದರಮಾವಂದಿರು, ನಂತರ ನಾನು ಮತ್ತು ನನ್ನ ಅಕ್ಕ, ಎಲ್ಲರ ಅಕೀಕಾದ ದಿನ ತಲೆಗೂದಲು ತೆಗೆದದ್ದು ಇದೇ ಕತ್ತಿಯಿಂದ.

ಕಳೆದ ಫೆಬ್ರವರಿಯಲ್ಲಿ ಬ್ಯಾಡಗಿಯಿಂದ ಅಕ್ಕನ ಫೋನು ಬಂತು. ಬಾಣಂತನಕ್ಕೆ ತವರಿಗೆ ಬಂದಿದ್ದ ಅವರ ಮಗಳಿಗೆ ಶುಕ್ರವಾರ ಬೆಳಗಿನ ಜಾವ ಗಂಡು ಮಗು. ಹುಟ್ಟಿದ ದಿನವನ್ನೂ ಎಣಿಸಿದರೆ ಏಳನೆಯ ದಿನ ಗುರುವಾರ. "ಭಾಯಿ, ನಾನಾನ ಉಸ್ತರಾ ನಿನ್ನ ಹತ್ತಿರವೇ ಇದೆಯಲ್ಲ? ಸಾಣೆ ಹಿಡಿಸಿ ತಗೊಂಡು ಬಾ. ಈ ಮಗುವಿಗೂ ಅದರಿಂದಲೇ ಆಗಲಿ" ಎಂದರು ಅಕ್ಕ. ನನಗೂ ಖುಷಿಯೇ ಆಯಿತು. ಹೇಗೂ ಐದು ದಿನಗಳಿವೆ. ಒಂದು ಕತ್ತಿ ಮಸೆಯಲು ಎಷ್ಟು ಹೊತ್ತು ಬೇಕು ಎಂದುಕೊಂಡೆ.

ನಾನಿರುವುದು ಹಾವೇರಿಯಲ್ಲಿ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಊರು. ಹೊರಗಿನವರಿಗೆ ಇದು ಏಲಕ್ಕಿ ಹಾರದ ಊರೆಂದೇ ಗೊತ್ತು. ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಅದನ್ನು ಆರಿಸಿ, ಪೋಣಿಸಿ, ಮಂತ್ರಿಗಳ ಕೊರಳಿಗೆ ಬೀಳುವಷ್ಟು ಚೆಂದ ಮಾಡುವ ಕೈಗಳು ಮಾತ್ರ ಇಲ್ಲಿವೆ, ಅದರಲ್ಲಿ ನಮ್ಮ ಪಟವೇಗಾರರ ಕೈಗಳೂ ಇವೆ. ಇಂಥ ಊರಿನಲ್ಲಿ ಒಂದು ಸಾಣೆಕಲ್ಲು ಸಿಗುವುದಿಲ್ಲವೇ?

ಸಿಕ್ಕಿತು. ಶನಿವಾರ ಅಸರ್ ನಮಾಝಿನ ನಂತರ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಇಟ್ಟಿಗೆಯ ಅರ್ಧದಷ್ಟಿರುವ ಕಪ್ಪು ಕಲ್ಲು ಕೊಟ್ಟರು. ಒಂದು ಮುಖ ಒರಟು, ಇನ್ನೊಂದು ನಯ. ಬೆಲೆ ನೂರೈವತ್ತು ರೂಪಾಯಿ. ನೀವೂ ಇದನ್ನು ನೋಡಿರುತ್ತೀರಿ. ನಮ್ಮ ಜನ ಇದನ್ನು ಕಲ್ಲು ಎನ್ನುತ್ತಾರಾದರೂ ಇದು ಭೂಮಿಯಿಂದ ತೆಗೆದದ್ದಲ್ಲ. ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬುವರು 1890ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದ ಕಾರ್ಬೊರಂಡಮ್ ಎಂಬ ಪದಾರ್ಥದ ಕಣಗಳನ್ನು ಅಂಟಿಸಿ ಸುಟ್ಟ ಅಚ್ಚು ಇದು. ಭಾರತದಲ್ಲಿ 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಎಂಬ ಕಂಪನಿ ಇಂಥ ವಸ್ತುಗಳಿಗಾಗಿಯೇ ಶುರುವಾಯಿತು. ಬಡಗಿಯ ಉಳಿ, ರೈತನ ಕುಡುಗೋಲು, ಕಸಾಯಿಯ ಚೂರಿ, ಎಲ್ಲಕ್ಕೂ ಈ ಕಲ್ಲೇ ಗತಿ.

ಮನೆಗೆ ತಂದು, ನೀರು ಹಾಕಿ, ನಯ ಮುಖದ ಮೇಲೆ ಕತ್ತಿಯನ್ನು ಇಪ್ಪತ್ತು ಸಲ ಎಳೆದೆ. ಮೊಣಕೈ ಕೆಳಗಿನ ಕೂದಲ ಮೇಲೆ ಪರೀಕ್ಷಿಸಿದೆ. ಕೂದಲು ಹೋಯಿತು, ಜೊತೆಗೆ ಚರ್ಮವೂ ಉರಿಯಿತು. ಬೆಳಕಿಗೆ ಹಿಡಿದು ನೋಡಿದರೆ ಕತ್ತಿಯ ಬಾಯಿಯ ಉದ್ದಕ್ಕೂ ನೇಗಿಲ ಸಾಲಿನಂತೆ ಗೀರುಗಳು. ಹಾರ್ಡ್‌ವೇರ್ ಅಂಗಡಿಯ ನಯ ಎಂಬುದು ಕುಡುಗೋಲಿನ ಲೆಕ್ಕದ ನಯ, ಕೆನ್ನೆಯ ಲೆಕ್ಕದ್ದಲ್ಲ ಎಂದು ಆಗ ತಿಳಿಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಸೈಕಲ್ಲಿನ ಪೆಡಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುವವ ಬಂದ. ನಮ್ಮ ಸೀಮೆಯಲ್ಲಿ ಈ ಕೆಲಸದ ಕುಲದವರಿಗೆ ಸಿಕಲಿಗಾರ ಎಂಬ ಹೆಸರಿದೆ. ಅರಬ್ಬಿಯ ಸೈಕಲ್, ಅಂದರೆ ಉಜ್ಜಿ ಹೊಳಪು ಕೊಡುವವನು ಎಂಬ ಪದವೇ ಪಾರಸಿಯ ದಾರಿಯಲ್ಲಿ ಬಂದು ಹೀಗಾಗಿದೆ. ಮದ್ರಸಾದಲ್ಲಿ ಈ ಪದ ಕಲಿತ ದಿನ, ಸಾಣೆಯವ ಸೈಕಲ್ಲಿನ ಮೇಲೆ ಬರುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದೇ ನಾವು ಹುಡುಗರು ನಂಬಿದ್ದೆವು! ಆ ನೆನಪಿನ ಹುರುಪಿನಲ್ಲಿ ಅವನ ಕೈಗೆ ಕತ್ತಿ ಕೊಟ್ಟೆ. ಅವನು "ಸಾಹೇಬ್ರ, ಇದು ಚಕ್ರದ ಕೆಲಸ ಅಲ್ರಿ" ಎಂದ. "ಸ್ವಲ್ಪ ಮುಟ್ಟಿಸು ಸಾಕು" ಎಂದವನು ನಾನೇ. ಕಿಡಿ ಹಾರಿದವು. ಅವನು ಗಾಬರಿಯಾಗಿ ತೆಗೆಯುವಷ್ಟರಲ್ಲಿ ತುದಿಯಲ್ಲಿ ಜೋಳದ ಕಾಳಿನಷ್ಟು ಜಾಗ ನೀಲಿಯಾಗಿತ್ತು. ತೆಳುವಾದ ಉಕ್ಕು ಮುನ್ನೂರು ಡಿಗ್ರಿಯ ಆಸುಪಾಸು ಕಾದರೆ ಆ ಬಣ್ಣ ಬರುತ್ತದೆ, ಅಲ್ಲಿ ಹದ ಹೋಗಿ ಉಕ್ಕು ಮೆದುವಾಗುತ್ತದೆ. ಪಾಪ, ಅವನು ಹಣ ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ ಬೇಸರದಲ್ಲಿ ಸಿದ್ಧೇಶ್ವರ ದೇವಸ್ಥಾನದ ಕಡೆ ನಡೆದೆ. ಚಾಲುಕ್ಯರ ಕಾಲದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಬಳಪದ ಕಲ್ಲಿನಲ್ಲಿ ಮಾಡಿದ ಕೆತ್ತನೆ ಕಣ್ಣಿಗೆ ಬೆಣ್ಣೆಯಂತೆ ಕಾಣುತ್ತದೆ. ಇಷ್ಟು ನಯವಾದ ಕಲ್ಲು ಊರಲ್ಲೇ ಇದೆಯಲ್ಲ, ಇದರ ಜಾತಿಯ ತುಂಡೊಂದು ಸಿಕ್ಕರೆ ಸಾಣೆಗೆ ಆಗುತ್ತಿತ್ತೇನೋ ಎಂಬ ಆಸೆ ಹುಟ್ಟಿತು. ಆದರೆ ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆದು. ಶಿಲ್ಪಿಯ ಉಳಿಗೆ ಸೋಲುವ ಕಲ್ಲು ಉಕ್ಕನ್ನು ಹೇಗೆ ತಿದ್ದೀತು? ಸಾಣೆಗೆ ಬೇಕಾದ್ದು ಎರಡು ಗುಣ. ಕಣ ಉಕ್ಕಿಗಿಂತ ಗಟ್ಟಿಯಿರಬೇಕು, ಹಾಗೂ ಆ ಕಣ ಬಹಳ ಸಣ್ಣದಿರಬೇಕು, ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ಸಾವಿರ ಸಣ್ಣ ಕಣಗಳ ನಡುವೆ ಒಂದು ದೊಡ್ಡದಿದ್ದರೂ ಕೆಲಸ ಕೆಟ್ಟಿತು.

ಸೋಮವಾರ ಎರಡು ದಿನ ರಜೆ ಬರೆದಿಟ್ಟು, ಕತ್ತಿಯನ್ನೂ ಆ ಕಪ್ಪು ಕಲ್ಲನ್ನೂ ಚೀಲದಲ್ಲಿ ಹಾಕಿಕೊಂಡು ಬ್ಯಾಡಗಿ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಊರ ಕಡೆ ತಿರುಗುತ್ತಿದ್ದಂತೆ ಬಸ್ಸಿನಲ್ಲಿ ಸೀನು ಶುರುವಾಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ನಮ್ಮವರು ಕರ್ಚೀಫು ತೆಗೆಯುತ್ತಾರೆ. ಸುಗ್ಗಿಯ ಕಾಲ, ಸೋಮವಾರದ ಮಾರುಕಟ್ಟೆ. ಎತ್ತ ನೋಡಿದರೂ ಕೆಂಪು ಚೀಲಗಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಸುಕ್ಕುಗಟ್ಟಿದ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಅದರ ಬಣ್ಣದ ಸತ್ವ ತೆಗೆದು ಆಹಾರಕ್ಕೂ ತುಟಿಯ ಬಣ್ಣಕ್ಕೂ ಬಳಸುತ್ತಾರೆ. 2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳು ಸುಟ್ಟಿದ್ದನ್ನು ನೀವು ಓದಿರುತ್ತೀರಿ. ಈಗ ಆ ದಾರಿಯಲ್ಲಿ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಸಂಜೆ ಆ ಕೈಯಿಂದ ಮಕ್ಕಳ ಮುಖ ಮುಟ್ಟಬೇಕಾದರೆ ಎಷ್ಟು ಸಲ ತೊಳೆಯಬೇಕೋ!

ಅಕ್ಕನ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿದರು. ತಲೆತುಂಬ ಕರಿ ಕೂದಲು. ನೆತ್ತಿಯ ಮೆತ್ತನೆಯ ಜಾಗ ಉಸಿರಾಡುವಂತೆ ಏರಿಳಿಯುತ್ತಿತ್ತು. ಅಕ್ಕ "ಉಸ್ತರಾ ತೋರಿಸು" ಎಂದರು. ನಾನು ಒಂದು ಕೈಯಿಂದ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕತ್ತಿ ಬಿಚ್ಚಿದೆ. ಆ ಕ್ಷಣ ಬಾಗಿಲಲ್ಲಿ ಬಂದು ನಿಂತ ಸೊಸೆಯ ಮುಖ ಬಿಳಿಚಿತು. ಏನೂ ಹೇಳದೆ ಬಂದು ಮಗುವನ್ನು ಎತ್ತಿಕೊಂಡಳು.

ಓದುಗರೇ, ನನಗೆ ಥಟ್ಟನೆ ನೆನಪಾದದ್ದು ಹಝ್ರತ್ ಖುಬೈಬ್(ರ). ಬುಖಾರಿಯಲ್ಲಿ ಬಂದಿರುವ ಆ ಘಟನೆ ನಿಮಗೆ ಗೊತ್ತು. ಹಿಜರಿ ನಾಲ್ಕನೆಯ ವರ್ಷ, ಮೋಸದಿಂದ ಸೆರೆಯಾಗಿ ಮಕ್ಕಾದಲ್ಲಿ ಮಾರಾಟವಾದ ಅವರು ಮರಣದಂಡನೆಗೆ ಕಾಯುತ್ತಿದ್ದರು. ಶುಚಿಗಾಗಿ ಆ ಮನೆಯ ಹೆಂಗಸಿನಿಂದ ಒಂದು ಕತ್ತಿ ಕೇಳಿ ಪಡೆದಿದ್ದರು. ಆಕೆ ಗಮನಿಸದಿದ್ದಾಗ ಆಕೆಯ ಪುಟ್ಟ ಮಗು ಹೋಗಿ ಅವರ ತೊಡೆಯೇರಿತು. ಕೈಯಲ್ಲಿ ಕತ್ತಿ, ತೊಡೆಯ ಮೇಲೆ ವೈರಿಯ ಮಗು. ತಾಯಿ ನಡುಗಿದಳು. ಅವರು, ನಾನು ಇದನ್ನು ಕೊಲ್ಲುವೆನೆಂದು ಹೆದರಿದೆಯಾ, ಅಂಥದ್ದು ನನ್ನಿಂದಾಗದು ಎಂದು ಮಗುವನ್ನು ಬಿಟ್ಟರು. ಅವರಿಗಿಂತ ಒಳ್ಳೆಯ ಸೆರೆಯಾಳನ್ನು ತಾನು ನೋಡಿಲ್ಲವೆಂದು ಆಕೆಯೇ ಮುಂದೆ ಹೇಳಿದಳು. ಅರಬ್ಬಿಯಲ್ಲಿ ಆ ಕತ್ತಿಗಿರುವ ಪದ ಮೂಸಾ. ಮಹಾನ್ ಪ್ರವಾದಿಯೊಬ್ಬರ ಹೆಸರಿನ ಅಕ್ಷರಗಳೇ ಇದಕ್ಕೂ ಇರುವುದನ್ನು ಕಂಡು ನಾವು ತರಗತಿಯಲ್ಲಿ ಬೆರಗಾಗಿದ್ದೆವು. ಖುಬೈಬರು ಆ ತಾಯಿಯ ಭಯವನ್ನು ತಪ್ಪೆಂದು ಎಣಿಸಲಿಲ್ಲ, ಉತ್ತರ ಕೊಟ್ಟರು. ನನಗೆ ಮಾತ್ರ, ನಿಜ ಹೇಳುತ್ತೇನೆ, ಸ್ವಲ್ಪ ಕೋಪವೇ ಬಂತು. ಇದು ನಿನ್ನ ಮುತ್ತಜ್ಜನ ಕತ್ತಿಯಮ್ಮಾ ಎಂದೆ.

ಅವಳು ನರ್ಸಿಂಗ್ ಓದಿದವಳು. ಮೆಲ್ಲಗೆ "ಮಾಮೂ, ಅದು ಈವರೆಗೆ ಎಷ್ಟು ತಲೆ ಮುಟ್ಟಿದೆ?" ಎಂದು ಕೇಳಿದಳು. ನಾನು ಕುಟುಂಬದ್ದೇ ತಲೆಗಳಲ್ಲವೇ ಎಂದು ಮಾತು ತೇಲಿಸಿದೆ. ಅಕ್ಕ ನನ್ನ ಕಡೆಗಿದ್ದರು. ಆದರೆ ನೀಲಿ ಕಲೆ ನೋಡಿ ಅವರಿಗೂ ದುಃಖವಾಯಿತು. ಮೆಣಸಿನಕಾಯಿ ದಲಾಲಿ ಅಂಗಡಿಯ ಪಕ್ಕದ ಕ್ಷೌರಿಕನನ್ನು ಕೇಳಿದಾಗ ಆ ಹುಡುಗ ನಕ್ಕ. "ಈಗ ಯಾರೂ ಮಸಿಯೂದಿಲ್ರಿ. ಅರ್ಧ ಬ್ಲೇಡ್ ಮುರದು ಹಿಡಿಗೆ ಹಾಕ್ತೀವಿ, ಮುಗದ ಮ್ಯಾಲ ಒಗಿತೀವಿ. ರಾಣೆಬೆನ್ನೂರಾಗ ಒಬ್ರು ಹಿರ್ಯಾರು ಅದಾರ, ಅವ್ರ ಹಂತ್ಯಾಕ ಕಲ್ಲು ಅದಾವು. ನಾಳೆ ಹೋಗ್ರಿ, ಮಂಗಳವಾರ ಅಂಗಡಿ ಸೂಟಿ, ಮನ್ಯಾಗ ಸಿಗತಾರ" ಎಂದ. ಕ್ಷೌರದ ಅಂಗಡಿಗಳಿಗೆ ಮಂಗಳವಾರ ರಜೆ ಎಂಬುದು ನನಗೆ ಮೊದಲ ಸಲ ಉಪಯೋಗಕ್ಕೆ ಬಂತು.

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಒಂದು ಗಂಟೆಯೂ ಬೇಡ. ಹತ್ತಿ, ಬೀಜದ ವ್ಯಾಪಾರ, ಕೃಷ್ಣಮೃಗಗಳ ಅಭಯಾರಣ್ಯ, ಇವು ಆ ಊರಿನ ಗುರುತು. ಕಲ್ಲಿನ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಭೂವಿಜ್ಞಾನಿಗಳು ಕರ್ನಾಟಕದ ಪುರಾತನ ಶಿಲೆಗಳ ಒಂದು ಗುಂಪಿಗೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಮರಳು ಮತ್ತು ಕೆಸರು ಕಲಸಿ ಗಟ್ಟಿಯಾದ ಗ್ರೇವ್ಯಾಕ್ ಎಂಬ ಬೂದು ಕಲ್ಲು ಅದರಲ್ಲಿ ಮುಖ್ಯವಾದದ್ದು. ಇಂಥ ಕಲ್ಲಿನಲ್ಲಿ ದಪ್ಪ ಕಣ, ಸಣ್ಣ ಕಣ, ಕೆಸರು ಎಲ್ಲವೂ ಬೆರೆತಿರುತ್ತವೆ. ಹೊಲದ ಬದುವಿನಲ್ಲಿ ಕುಡುಗೋಲು ತಿಕ್ಕಲು ಸಾಕು, ಕ್ಷೌರದ ಕತ್ತಿಗೆ ಬೇಡ. ಒಂದೇ ಅಳತೆಯ ಕಣ ಎಂಬ ಷರತ್ತಿನಲ್ಲಿ ಅದು ಸೋಲುತ್ತದೆ.

ಆ ಹಿರಿಯರು ಹಡಪದ ಸಮಾಜದವರು, ಎಪ್ಪತ್ತು ದಾಟಿದವರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ. ಗೋಡೆಯ ಮೇಲೆ ಬಸವಣ್ಣ ಮತ್ತು ಹಡಪದ ಅಪ್ಪಣ್ಣನವರ ಪಟಗಳು. ನನ್ನ ಗಡ್ಡ, ಟೊಪ್ಪಿ ನೋಡಿ "ಬರ್ರಿ ಮಾಸ್ತರ, ಕುಂಡ್ರ್ರಿ" ಎಂದರು. ಮಾಸ್ತರನೆಂದು ಹೇಗೆ ತಿಳಿಯಿತೆಂದರೆ "ಕಿಸೇದಾಗ ಕೆಂಪು ಪೆನ್ನು ಐತೆಲ್ರಿ" ಎಂದು ನಕ್ಕರು. ಕತ್ತಿ ಕೊಟ್ಟೆ. ಮೊದಲು ನೋಡಿದ್ದು ನೀಲಿ ಕಲೆಯನ್ನು. "ಇದನ್ನ ಚಕ್ರಕ್ಕ ಯಾರು ಹಿಡದಾರಿ?" ನಾನು ತಲೆ ತಗ್ಗಿಸಿದೆ. ಚೀಲದಲ್ಲಿದ್ದ ನನ್ನ ಕಪ್ಪು ಕಲ್ಲನ್ನು ತಿರುಗಿಸಿ ನೋಡಿ, "ಇದು ಛಲೋ ಐತಿ, ಕುರಿ ಕೊಯ್ಯೋ ಚೂರಿಗೆ" ಎಂದು ಪಕ್ಕಕ್ಕಿಟ್ಟರು.

ಅವರ ಮರದ ಪೆಟ್ಟಿಗೆಯಲ್ಲಿ ಮೂರು ಕಲ್ಲುಗಳಿದ್ದವು. ಒಂದು ಬೂದು ಬಣ್ಣದ ಕಾರ್ಖಾನೆಯ ಕಲ್ಲು. ಇನ್ನೊಂದು ಹಲಗೆಯಂಥ ಕರಿ ಸ್ಲೇಟು. ಮೂರನೆಯದು ಅಂಗೈಯಷ್ಟಗಲ, ಮೇಲೆ ಕೆನೆ ಹಳದಿ, ಕೆಳಗೆ ಕಪ್ಪು, ಎರಡು ಪದರ. ಅವರ ತಂದೆಯದಂತೆ. ಬೆಲ್ಜಿಯಂ ದೇಶದ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಕಾಟಿಕ್ಯೂಲ್ ಎಂಬ ಕಲ್ಲು ಹೀಗೆಯೇ ಇರುತ್ತದೆ. ಹಳದಿ ಪದರ ತೆಳುವಾದ್ದರಿಂದ ಅದನ್ನು ಕರಿ ಸ್ಲೇಟಿನ ಮೇಲೆ ಅಂಟಿಸಿ ಮಾರುತ್ತಿದ್ದರು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳಿವೆ. ಅವು ಚೂಪಲ್ಲ, ಹೆಚ್ಚುಕಡಿಮೆ ಗುಂಡಗಿನ ಹನ್ನೆರಡು ಮುಖದ ಹರಳುಗಳು. ಆದ್ದರಿಂದ ಉಕ್ಕನ್ನು ಆಳವಾಗಿ ಗೀರದೆ ಮೇಲಿಂದ ಮೇಲೆ ಸವರುತ್ತವೆ. ಹಿರಿಯರಿಗೆ ಈ ಹೆಸರುಗಳು ಬೇಡವಾಗಿದ್ದವು. "ಹಳದಿ ಕಲ್ಲು ಕೊಯ್ಯೂದಿಲ್ರಿ, ನೆಕ್ಕತೈತಿ" ಎಂದರು.

ಕಲ್ಲು ಕೊಳ್ಳುವಾಗ ಏನು ನೋಡಬೇಕು ಅಜ್ಜಾರ ಎಂದು ಕೇಳಿದೆ. ಬಾಯಲ್ಲಿ ಹೇಳುವ ಬದಲು ಮೂರಕ್ಕೂ ನೀರು ಚಿಮುಕಿಸಿದರು. ಬೂದು ಕಲ್ಲು ಬಾಯಾರಿದ ನೆಲದಂತೆ ಕುಡಿದುಬಿಟ್ಟಿತು. ಹಳದಿಯ ಮೇಲೆ ನೀರು ಹಾಗೆಯೇ ನಿಂತಿತು. ಕುಡಿಯದ ಕಲ್ಲಿನ ಕಣಗಳು ಒತ್ತಾಗಿ ಕೂತಿವೆ ಎಂಬುದು ಅವರ ಲೆಕ್ಕ. ಕಾರ್ಖಾನೆಯ ಕಲ್ಲುಗಳಲ್ಲಿ ನೀರು ಕುಡಿಯುವ ಒಳ್ಳೆಯವೂ ಇವೆ, ಅದು ಬೇರೆ ಮಾತು. ನಂತರ ನನ್ನ ಹೆಬ್ಬೆರಳಿನ ಉಗುರನ್ನು ಹಿಡಿದು ಪ್ರತಿ ಕಲ್ಲಿನ ಮೇಲೆ ಎಳೆಸಿದರು. ಬೂದು ಕಲ್ಲಿನಲ್ಲಿ ಕರಕರ ತಿಳಿಯಿತು, ಕರಿಯದರಲ್ಲಿ ಅಲ್ಪ, ಹಳದಿಯಲ್ಲಿ ಏನೂ ಇಲ್ಲ, ಗಾಜಿನ ಮೇಲೆ ಎಳೆದಂತೆ. ಎಲ್ಲಾದರೂ ಒಂದು ಕಡೆ ಉಗುರು ತಡೆದರೆ ಆ ಕಲ್ಲು ಬೇಡವೇ ಬೇಡ ಎಂದರು. ಕೊನೆಗೆ ಪೆನ್ಸಿಲಿನಿಂದ ಕಲ್ಲಿನ ಮೇಲೆ ಚೌಕಗಳನ್ನು ಗೀಚಿ, ಗಾಜಿನ ಮೇಲೆ ಹಾಸಿದ ವಾಟರ್ ಪೇಪರಿಗೆ ತಿಕ್ಕಿದರು. ಗೀಟುಗಳು ಎಲ್ಲ ಕಡೆ ಒಟ್ಟಿಗೆ ಅಳಿಸಿದರೆ ಕಲ್ಲು ಸಮತಟ್ಟು. ನಡುವೆ ಉಳಿದರೆ ತಗ್ಗು. ತಗ್ಗು ಬಿದ್ದ ಕಲ್ಲಿನಲ್ಲಿ ಎಷ್ಟು ಮಸೆದರೂ ಕತ್ತಿಯ ಬಾಯಿ ಸೊಟ್ಟಗಾಗುತ್ತದೆ.

ಇಂದು ಪೇಟೆಯಲ್ಲಿ, ಮೊಬೈಲಿನಲ್ಲಿ ಕೊಳ್ಳುವವರಿಗೆ ಅಂಕಿಗಳ ಭಾಷೆ ಇದೆ. ಸಾವಿರ ನಂಬರಿನ ಕಲ್ಲಿನ ಕಣ ಸುಮಾರು ಹದಿನಾಲ್ಕು ಮೈಕ್ರಾನ್, ಎಂಟು ಸಾವಿರದ್ದು ಒಂದೆರಡು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಐವತ್ತರಿಂದ ನೂರು ಮೈಕ್ರಾನ್ ಎಂದರೆ ನಿಮಗೆ ಅಂದಾಜಾದೀತು. ಕೆಟ್ಟ ಬಾಯಿಯನ್ನು ಸಾವಿರದ್ದರಲ್ಲಿ ಕಟ್ಟಬೇಕು, ನಾಲ್ಕೈದು ಸಾವಿರದ್ದರಲ್ಲಿ ಗೀರು ಕಳೆಯಬೇಕು, ಎಂಟು ಸಾವಿರದ್ದರಲ್ಲಿ ಮುಗಿಸಬೇಕು. ಒಂದೇ ಕಲ್ಲು ಕೊಳ್ಳುವ ಶಕ್ತಿಯಿದ್ದರೆ, ಕತ್ತಿಯ ಬಾಯಿ ಕೆಟ್ಟಿರದಿದ್ದರೆ, ನಯದ್ದನ್ನೇ ಕೊಳ್ಳಿ. ಜನ ಮಾಡುವ ತಪ್ಪು, ನಾನು ಮಾಡಿದ್ದೂ ಅದೇ, ಬೇಗ ಹರಿತವಾಗಲೆಂದು ಒರಟಿನಿಂದ ಶುರುಮಾಡುವುದು.

ಇದು ಹೊಸ ಚಿಂತೆಯೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪ್ಲಿನಿ ಯಾವ ಸಾಣೆಕಲ್ಲಿಗೆ ಎಣ್ಣೆ, ಯಾವುದಕ್ಕೆ ನೀರು ಎಂದು ಬರೆದಿಟ್ಟ. ಕ್ಷೌರದ ಅಂಗಡಿಗಳಲ್ಲಿ ಉಗುಳು ಹಾಕಿ ಮಸೆಯುತ್ತಿದ್ದ ಕಲ್ಲನ್ನೂ ಅವನು ಬಿಟ್ಟಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಾಮ್ ನಾಡಿನ ಶೈಝರೀ ಪೇಟೆಯ ಮೇಲ್ವಿಚಾರಕರಿಗಾಗಿ ಬರೆದ ಹಿಸ್ಬಾದ ಗ್ರಂಥದಲ್ಲಿ ಕ್ಷೌರಿಕನ ಕತ್ತಿ ಹರಿತವಿರಬೇಕು, ಕೈ ಹಗುರವಿರಬೇಕು, ಕೆಲಸದ ದಿನ ಈರುಳ್ಳಿ ಬೆಳ್ಳುಳ್ಳಿ ತಿನ್ನಬಾರದು ಎಂಬ ನಿಯಮಗಳಿವೆ. ಇದನ್ನು ಹೇಳಿದಾಗ ಹಿರಿಯರು, "ನಮ್ಮ ಹುಡುಗಗ ಇದನ್ನ ಬರಕೊಡ್ರಿ, ಗುಟಕಾ ಹಾಕ್ಕೊಂಡು ನಿಂದರತಾನ" ಎಂದರು.

ಅವರು ಕೆಲಸಕ್ಕೆ ಕೂತದ್ದು ಹನ್ನೊಂದಕ್ಕೆ. ಮೊದಲು ಬೂದು ಕಲ್ಲಿನಲ್ಲಿ ಸುಟ್ಟ ತುದಿಯನ್ನು ಸವೆಸಿ ಗುಂಡಗೆ ಮಾಡಿದರು. ಆಮೇಲೆ ಬಾಯಿ ಕಟ್ಟುವ ಕೆಲಸ. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಹಿಡಿದು, ಬಾಯಿ ಮುಂದಾಗಿ ದಬ್ಬುತ್ತಾರೆ. ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ, ಹದಿನಾರು ಹದಿನೆಂಟು ಡಿಗ್ರಿ. ಕೈ ಊಹಿಸಬೇಕಾದ್ದಿಲ್ಲ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು, ಬಾಯಿಯ ಮೇಲೆ ಹೊರಳಿಸಿದರೆ ಇಷ್ಟು ಹೊತ್ತಿನ ಕೆಲಸ ಹೋಯಿತು. ಕರಿ ಸ್ಲೇಟಿನ ಮೇಲೆ ಇನ್ನಷ್ಟು ಹೊತ್ತು. ಹಳದಿ ಕಲ್ಲಿಗೆ ಬಂದಾಗ ಅದರದ್ದೇ ಒಂದು ಚೂರಿನಿಂದ ತಿಕ್ಕಿ ಹಾಲಿನಂಥ ಕೆಸರು ಎಬ್ಬಿಸಿದರು. ಆ ಕೆಸರಿನಲ್ಲಿ ಮಸೆದು, ಹನಿಹನಿಯಾಗಿ ನೀರು ಸೇರಿಸುತ್ತ ತಿಳಿ ಮಾಡುತ್ತ ಹೋದರು. ಕೊನೆಯ ಹತ್ತಿಪ್ಪತ್ತು ಎಳೆತಗಳಲ್ಲಿ ಬರೀ ನೀರು, ಕೈಯ ಭಾರವೂ ಇಲ್ಲ. ಸದ್ದು ಬದಲಾಗುತ್ತಿತ್ತು. ಮೊದಲು ಗೋಧಿ ಬೀಸುವ ಸದ್ದು, ಕೊನೆಗೆ ಪುಟ ತಿರುವಿದಂತೆ. ನಡುವೆ ನಾನು ಝುಹರ್ ನಮಾಝಿಗೆ ಹೋಗಿ ಬಂದೆ. ಅವರು ಇನ್ನೂ ಅದೇ ಭಂಗಿಯಲ್ಲಿದ್ದರು. ಕೊನೆಗೆ ಚರ್ಮದ ಪಟ್ಟಾ ಗೂಟಕ್ಕೆ ಸಿಕ್ಕಿಸಿ, ಇಲ್ಲಿ ಮಾತ್ರ ಬೆನ್ನು ಮುಂದಾಗಿ, ಐವತ್ತು ಸಲ.

ಒಂದು ಕೂದಲು ಕಿತ್ತು ತೂಗಿಬಿಟ್ಟು ಕತ್ತಿಗೆ ತಾಗಿಸಿದರು. ಸದ್ದಿಲ್ಲದೆ ಬಿತ್ತು. ಇಷ್ಟೆಲ್ಲ ಮಾಡಿದ ಉಕ್ಕು ಮೆತ್ತನೆಯ ಕೂದಲಿಗೆ ಯಾಕೆ ಮೊಂಡಾಗುತ್ತದೆ ಎಂಬುದು ವಿಜ್ಞಾನಿಗಳಿಗೂ ಒಗಟಾಗಿತ್ತು. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಬಾಗಿ ಓರೆಯಾಗಿ ತಾಗಿದರೆ, ಉಕ್ಕಿನೊಳಗೆ ಒಂದೇ ಸಮನಿಲ್ಲದ ಜಾಗದಲ್ಲಿ ಬಾಯಿಯಿಂದ ಸಣ್ಣ ಚಕ್ಕೆ ಏಳುವುದು ಕಂಡಿತು. ಆದ್ದರಿಂದಲೇ ಕೂದಲನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವುದು, ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದು ಕತ್ತಿಗೂ ಒಳ್ಳೆಯದು.

ನಾನು ಸಂತೋಷದಿಂದ, "ಗುರುವಾರ ನೀವೇ ಬ್ಯಾಡಗಿಗೆ ಬರಬೇಕು ಅಜ್ಜಾರ, ನಮ್ಮ ಮಗುವಿನ ತಲಿ ಇದರಿಂದ ಆಗಬೇಕು" ಎಂದೆ. ಅವರು ಕತ್ತಿ ಒರೆಸುತ್ತಿದ್ದ ಕೈ ನಿಲ್ಲಿಸಿದರು.

"ಕೂಸಿನ ತಲೀಗೆ ನಾ ಇದನ್ನ ಹಚ್ಚೂದಿಲ್ರಿ ಮಾಸ್ತರ."

ಕಾರಣ ಕೇಳಿದೆ. ಹಿಡಿಯ ಸಂದು ತೋರಿಸಿದರು. ಕೀಲಿನ ಸುತ್ತ ಕಪ್ಪು ತುಕ್ಕು. "ಇದರೊಳಗ ಕುದಿಯೋ ನೀರು ಹೋಗೂದಿಲ್ಲ, ಸ್ಪಿರಿಟ್ ಹೋಗೂದಿಲ್ಲ. ನಮ್ಮಪ್ಪ ಒಂದ ಕತ್ತಿ ಇಡೀ ಓಣಿಗೆ ಹಚ್ಚಿದ. ನಾನೂ ಇಪ್ಪತ್ತು ವರ್ಷ ಹಚ್ಚೀನಿ. ಆವಾಗ ನಮಗೇನ್ ಗೊತ್ತಿತ್ತು? ಆಮ್ಯಾಲೆ ಏಡ್ಸ್ ಅಂತ ಬಂತು, ಕಾಮಾಲೆ ಅಂತ ಹೇಳಿದ್ರು. ಎಷ್ಟು ಮಂದಿಗೆ ನನ್ನ ಕೈಲೇ ಏನ್ ಹೋಗೇತೋ ಅಂತ ರಾತ್ರಿ ನಿದ್ದಿ ಬರ್ತಿದ್ದಿಲ್ಲ." ಸ್ವಲ್ಪ ಸುಮ್ಮನಿದ್ದು, "ಕೂಸಿಗೆ ಹೊಸಾ ಬ್ಲೇಡು. ಇದು ನಿಮ್ಮ ತಲೀಗೆ" ಎಂದರು.

ಅವರ ಮಾತು ಸರಿ. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿ ಕೂಡ ಏಳು ದಿನಗಳವರೆಗೆ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಳ್ಳಬಲ್ಲದು. ಹಾಗೆ ನೋಡಿದರೆ ಟ್ರಂಕಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕತ್ತಿಗೆ ಆ ಭಯ ಕಡಿಮೆಯೇ. ಆದರೆ ತುಕ್ಕಿನ ಸಂದು ಸಂದೇ. ಅದಕ್ಕಿಂತ, ಇದೇ ಪ್ರಶ್ನೆಯನ್ನು ಹಿಂದಿನ ದಿನ ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದವಳು ಹಸಿ ಬಾಣಂತಿ, ಆ ಮಗುವಿನ ತಾಯಿ. ಅವಳ ಮಾತನ್ನು ತೇಲಿಸಿದವನು ರಾಣೆಬೆನ್ನೂರಿನ ಅಜ್ಜನ ಮಾತಿಗೆ ತಲೆಯಾಡಿಸಿದೆ. ಅದು ನನಗೆ ಆ ಕ್ಷಣಕ್ಕೇ ನಾಚಿಕೆ ತಂದಿತು.

ನನ್ನ ತಲೆಯನ್ನು ಬಗ್ಗಿಸಿದೆ. ಬಿಸಿನೀರು, ಸೋಪಿನ ನೊರೆ, ನಂತರ ಕತ್ತಿ. ಓದುಗರೇ, ಹಳದಿ ಕಲ್ಲಿನ ಗುಣವನ್ನು ನಾನು ನಿಮಗೆ ಮೈಕ್ರಾನಿನಲ್ಲಿ ಹೇಳಿದೆ, ಆದರೆ ತಿಳಿದದ್ದು ನೆತ್ತಿಯ ಮೇಲೆ. ಏನೋ ಹಾದುಹೋದಂತೆ ಅನಿಸಿತೇ ಹೊರತು ಎಳೆದಂತೆ ಅನಿಸಲೇ ಇಲ್ಲ. ಹಜ್ಜ್‌ನಲ್ಲಿ ತಲೆ ಬೋಳಿಸಿಕೊಂಡವರಿಗೆ ಪ್ರವಾದಿ(ಸ) ಮೂರು ಸಲ, ಕತ್ತರಿಸಿಕೊಂಡವರಿಗೆ ಒಂದು ಸಲ ಪ್ರಾರ್ಥಿಸಿದ್ದನ್ನು ಮಕ್ಕಳಿಗೆ ಎಷ್ಟೋ ವರ್ಷದಿಂದ ಪಾಠ ಮಾಡಿದ್ದೇನೆ. ನಾನಿನ್ನೂ ಆ ಭಾಗ್ಯಕ್ಕೆ ಹೋಗಿಲ್ಲ. ಹಳದಿ ಕಲ್ಲನ್ನು ಕೊಡುವಿರಾ ಎಂದು ಹೊರಡುವಾಗ ಕೇಳಿದೆ. "ಕಲ್ಲು ಕೊಟ್ರ ಕೈ ಎಲ್ಲಿ ಇಡ್ಲಿ?" ಎಂದರು. ದುಡ್ಡು ಕೊಟ್ಟದ್ದನ್ನು ಎಣಿಸದೆ ದಿಂಬಿನ ಕೆಳಗಿಟ್ಟರು.

ಬೋಳು ತಲೆಯಲ್ಲಿ ಬ್ಯಾಡಗಿಗೆ ಬಂದಾಗ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳ ಕ್ಷಮೆ ಕೇಳಿದೆ. ಅಕ್ಕನಿಗೆ ಹೇಳುವುದು ಕಷ್ಟವಾಯಿತು. ಬಹಳ ಹೊತ್ತು ಮಾತಾಡಲಿಲ್ಲ ಅವರು. ಆಮೇಲೆ ಕತ್ತಿಯನ್ನು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ, "ಇವನಿಗೆ ಗಡ್ಡ ಬರಲಿ, ಆಗ ಕೊಡು" ಎಂದರು.

ಗುರುವಾರ ಬೆಳಿಗ್ಗೆ ಆ ಅರ್ಧ ಬ್ಲೇಡಿನ ಹುಡುಗನೇ ಬಂದ. ಗುಟಕಾ ಹಾಕಿರಲಿಲ್ಲ. ಕಾಗದದಿಂದ ಹೊಸ ಬ್ಲೇಡು ನಮ್ಮೆದುರಿಗೇ ಬಿಚ್ಚಿದ. ಮಗು ಅಳಲೂ ಇಲ್ಲ. ಕೂದಲನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆವು, ಒಂದೂವರೆ ಗ್ರಾಂ. ಅಷ್ಟು ಬೆಳ್ಳಿಯ ಬೆಲೆಗೆ ಕೈಯಿಂದ ಇನ್ನಷ್ಟು ಸೇರಿಸಿ, ತೊಟ್ಟು ಬಿಡಿಸುವ ಒಬ್ಬ ವಿಧವೆಗೆ ಸದಕಾ ಕೊಟ್ಟೆವು.

ಅಷ್ಟರಲ್ಲಿ ಹಿತ್ತಲಿನಿಂದ ಕಸಾಯಿ ಕೂಗಿದರು, "ಮಾಸ್ಟರ್ ಸಾಬ್, ಮನೆಯಲ್ಲಿ ಸಾಣೆಕಲ್ಲು ಇದೆಯಾ?" ನನ್ನ ಚೀಲದಲ್ಲಿದ್ದ ಹಾವೇರಿಯ ಕಪ್ಪು ಕಲ್ಲು ನೆನಪಾಯಿತು. ಎಲ್ಲದರಲ್ಲೂ ಉತ್ತಮಿಕೆಯನ್ನು ಅಲ್ಲಾಹನು ವಿಧಿಸಿದ್ದಾನೆ, ಆದ್ದರಿಂದ ಝಬಹ್ ಮಾಡುವವನು ಅಲಗನ್ನು ಹರಿತಗೊಳಿಸಿ ಪ್ರಾಣಿಗೆ ನೋವು ಕಡಿಮೆ ಮಾಡಲಿ ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರಾಣಿಯ ಕಣ್ಣೆದುರಿಗೆ ಚೂರಿ ಮಸೆಯುವುದನ್ನು ಪ್ರವಾದಿ(ಸ) ಆಕ್ಷೇಪಿಸಿದ ವರದಿಯೂ ಇದೆ. ಕಸಾಯಿ ಕಲ್ಲು ತೆಗೆದುಕೊಂಡು, ಎರಡೂ ಆಡುಗಳಿಗೆ ಕಾಣದಂತೆ ನೀರಿನ ಹಂಡೆಯ ಗೋಡೆಯ ಆಚೆ ಹೋಗಿ ಕೂತರು. ಒರಟು ಮುಖ, ನಯ ಮುಖ, ಐದೇ ನಿಮಿಷ. ಚೂರಿಯನ್ನು ಬೆರಳಿಗೆ ಮುಟ್ಟಿಸಿ ನೋಡಿ, "ಮಾಷಾ ಅಲ್ಲಾಹ್, ಎಲ್ಲಿ ತಂದಿರಿ ಈ ಕಲ್ಲು?" ಎಂದರು.

ಅದನ್ನು ವಾಪಸು ಚೀಲಕ್ಕೆ ಹಾಕಿಕೊಳ್ಳುವಾಗ ಅಕ್ಕ ತಡೆದರು. ಈಗ ಅದು ಅವರ ಅಡುಗೆಮನೆಯಲ್ಲಿದೆ, ಈಳಿಗೆಯ ಪಕ್ಕ.